ಇಬ್ಬರಿಗೊಂದು ಕಂಪ್ಯೂಟರ್

"ಇನ್ನೊಂದು ಸಲ ಫೋನ್ ಮಾಡಿ ನೋಡಮ್ಮ," ಎಂದರು ಮರುಳಸಿದ್ದಪ್ಪ ಮೇಷ್ಟ್ರು, ಲ್ಯಾಬಿನ ಬಾಗಿಲಲ್ಲಿ ನಿಂತು. "ಎಕ್ಸಾಮಿನರ್ರು ಟೀ ಕುಡೀತಾ ಅವ್ರೆ. ಅವ್ರು ಒಳಗೆ ಬಂದ್ರೆ ನನ್ ಕೈಲಿ ಏನೂ ಇಲ್ಲ."

ಹೊಳಲ್ಕೆರೆಯ ಆ ಸಣ್ಣ ಕಾಲೇಜಿನಲ್ಲಿ ಬಿಸಿಎ ಹುಡುಗಿಯರ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ದಿವ್ಯಾ ಬಂದಿರಲಿಲ್ಲ. ಇದು ತಪ್ಪಿದರೆ ಅವಳಿಗೆ ಈ ವರ್ಷ ಡಿಗ್ರಿ ಇಲ್ಲ. ಯುಗಾದಿಗೆ ಮುಂಚೆ ಮದುವೆಯಾಗಿ ಭರಮಸಾಗರಕ್ಕೆ ಹೋಗುವಾಗ, ಪರೀಕ್ಷೆಗೆ ನಾವೇ ಕಳಿಸಿಕೊಡುತ್ತೇವೆ ಎಂದು ಗಂಡನ ಮನೆಯವರು ಚಪ್ಪರದಲ್ಲೇ ಮಾತು ಕೊಟ್ಟಿದ್ದರು. ಚಪ್ಪರದಲ್ಲಿ ಯಾರು ತಾನೇ ಇಲ್ಲ ಅನ್ನುತ್ತಾರೆ!

ಅಂಜುಮ್ ಮತ್ತೊಮ್ಮೆ ಗೆಳತಿಯ ನಂಬರ್ ಒತ್ತಿದಳು. ಫೋನ್ ಎತ್ತಿದ್ದು ದಿವ್ಯಾಳ ಅತ್ತೆ ದಾಕ್ಷಾಯಣಮ್ಮ.

"ಇವತ್ತು ಮನೇಲಿ ಸ್ವಾಮ್ಗಳ ಪಾದಪೂಜೆ ಐತೆ ಕಣಮ್ಮ. ಗಂಡ ಹೆಂಡ್ತಿ ಜೋಡೀಲಿ ಕುಂತ್ಕಂಡು ಮಾಡ್ಬೇಕು. ನಿನ್ನೆ ಹೇಳಿ ಕಳಿಸಿದ್ರು, ಬ್ಯಾಡ ಅನ್ನಕಾಗ್ತದಾ? ಪರೀಕ್ಷೆ ಮುಂದ್ಲ ವರ್ಷನೂ ಇರ್ತೈತೆ. ನೀನೂ ಊಟಕ್ಕೆ ಬಾರಮ್ಮ."

ಜಗಳಕ್ಕೆ ಬಂದಿದ್ದರೆ ಅಂಜುಮ್ ಕೂಡ ಎರಡು ಮಾತು ಆಡುತ್ತಿದ್ದಳು. ಊಟಕ್ಕೆ ಕರೆದವರಿಗೆ ಏನು ಹೇಳುವುದು? "ಆಯ್ತು ಆಂಟಿ," ಎಂದು ಫೋನಿಟ್ಟಳು. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡಾಗ ದವಡೆ ಮರಗಟ್ಟುತ್ತದಲ್ಲ, ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಆ ಲ್ಯಾಬಿನ ಅರ್ಧ ಕಂಪ್ಯೂಟರ್‌ಗಳು ಕೆಟ್ಟು, ಬಟ್ಟೆ ಹೊದ್ದು ಕೂತು ಎಷ್ಟೋ ಕಾಲವಾಗಿದೆ. ಪರೀಕ್ಷೆಯ ದಿನ ಬಿಟ್ಟರೆ ಯಾವಾಗಲೂ ಇಬ್ಬರಿಗೊಂದು. ಕೀಬೋರ್ಡ್ ಮುಂದೆ ದಿವ್ಯಾ, ಪಕ್ಕದ ಸ್ಟೂಲಿನಲ್ಲಿ ಅಂಜುಮ್. ದಿವ್ಯಾ ಪ್ರೋಗ್ರಾಂ ಬರೆದು ಓಡಿಸುವಳು. ಇವಳು ಅದನ್ನು ಇಬ್ಬರ ರೆಕಾರ್ಡಿಗೂ ದುಂಡಗೆ ಇಳಿಸುವಳು. "ನೀನೂ ಒಂದ್ಸಲ ಟೈಪ್ ಮಾಡೆ," ಎಂದು ದಿವ್ಯಾ ಎಷ್ಟು ಗೋಗರೆದರೂ ಇವಳು ಕೈ ಹಾಕಿದವಳಲ್ಲ.

ಎಕ್ಸಾಮಿನರ್ ಬಂದರು. ದಿವ್ಯಾಳ ಹೆಸರು ಕೂಗಿ, ಸುತ್ತ ಒಮ್ಮೆ ನೋಡಿ, ಗೈರುಹಾಜರು ಎಂದು ಬರೆದುಕೊಂಡರು. ಮೂರು ವರ್ಷದ ಓದಿಗೆ ಅಷ್ಟೇ ಹೊತ್ತು ಸಾಕಾಯಿತು.

ಅಂಜುಮ್‌ಗೆ ಲೈಬ್ರರಿಯ ಪುಸ್ತಕ ಹುಡುಕುವ ಪ್ರೋಗ್ರಾಂ ಬಂದಿತ್ತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಒಂದು ತಪ್ಪು ತಿದ್ದಿದರೆ ಇನ್ನೆರಡು ಕೆಂಪಗೆ ಎದ್ದು ಬಂದವು. ಕೊನೆಗೂ ಅದು ಓಡಲಿಲ್ಲ. "ಲಾಜಿಕ್ ಸರಿ ಐತೆ, ಪಾಸಾಗ್ತೀಯ ಬಿಡು," ಎಂದು ಮೇಷ್ಟ್ರು ಪಿಸುಗುಟ್ಟಿದರು. ಅದಕ್ಕೂ ಏನೂ ಅನ್ನಿಸಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ದಿವ್ಯಾಳ ಮೆಸೇಜು ಬಂತು.

"ಯಾವ ಪ್ರೋಗ್ರಾಂ ಬಂತೆ?"

ಅಂಜುಮ್ ಬರೆದು ಕಳಿಸಿದಳು. ಚಿತ್ರದುರ್ಗದ ಬಸ್ಸು ಬಂತು, ಹೋಯಿತು. ಆಮೇಲೆ ಒಂದೊಂದೇ ಸಾಲು ಬರತೊಡಗಿತು. ಅದೇ ಪ್ರೋಗ್ರಾಂ, ಮೊದಲಿನಿಂದ. ನಡುವೆ ಒಮ್ಮೆ, "ತಡಿ, ಪಂಕ್ತಿಗೆ ಪಾಯಸ ಬಡಿಸಿ ಬತ್ತೀನಿ." ಮತ್ತೆ ಶುರು, ಕೊನೆಯ ಬ್ರಾಕೆಟ್ಟಿನವರೆಗೂ. ಅಂಜುಮ್ ಮೇಲಿನಿಂದ ನಿಧಾನವಾಗಿ ಓದಿದಳು. ಒಂದೂ ತಪ್ಪಿರಲಿಲ್ಲ.

"ಓಡ್ತೈತಾ?" ಎಂದು ದಿವ್ಯಾ ಕೇಳಿದ್ದಳು.

"ಓಡ್ತೈತೆ," ಎಂದು ಅಂಜುಮ್ ಟೈಪ್ ಮಾಡಿದಳು.

ದಿವ್ಯಾ ನೋಡಿದ್ದಕ್ಕೆ ನೀಲಿ ಗುರುತು ಬಿತ್ತು.