ನೀಲಿ ಗವುಸಿನ ಪಂಜರ

ಶೇಷಗಿರಿ ಮಾವನ ಮನೆ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ನಡುಮನೆಯ ತೊಲೆಗೆ ತೂಗುಹಾಕಿದ್ದ ನೀಲಿ ಗವುಸಿನ ಪಂಜರ. ಗವುಸನ್ನು ಮಾವನೇ ಹೊಲಿದದ್ದು. ಪೇಟೆಯಲ್ಲಿ ಅವರದು ದರ್ಜಿ ಅಂಗಡಿ. ಬಟ್ಟೆ ಮಾತ್ರ ತುಂಗತ್ತೆಯ ಹಳೆಯ ಸೀರೆಯದು. "ನನಗೊಂದು ರವಿಕೆ ಹೊಲಿಯೋಕೆ ಪುರುಸೊತ್ತಿಲ್ಲ, ಹಕ್ಕಿಗೆ ಅಂಚಿಟ್ಟು ಹೊಲಿದಿದ್ದಾರೆ ನೋಡೇ," ಎಂದು ಅತ್ತೆ ಗೊಣಗುತ್ತಿದ್ದರು. ಓದಿಗೆಂದು ನಾನು ಆ ಸೋದರತ್ತೆಯ ಮನೆಯಲ್ಲಿದ್ದ ಕಾಲ ಅದು. ಗಂಡಹೆಂಡಿರ ಜಗಳ ನನಗೆ ಪಾಠಕ್ಕಿಂತ ರುಚಿಯಾಗಿತ್ತು.

ಆ ಊರಿನ ಗಂಡಸರಿಗೆ ಹೊನ್ನಗುಬ್ಬಿ ಸಾಕಿ ಹಾಡಿನ ಪಂದ್ಯಕ್ಕೆ ಬಿಡುವ ಹುಚ್ಚು. ಕೆಂಪು ಮೋರೆ, ರೆಕ್ಕೆಯಲ್ಲೊಂದು ಹಳದಿ ಪಟ್ಟಿ, ಮುಷ್ಟಿಯೊಳಗೆ ಅಡಗುವಷ್ಟು ಮೈ. ಪುಸ್ತಕಗಳು ಗೋಲ್ಡ್‌ಫಿಂಚ್ ಎನ್ನುವ ಹಕ್ಕಿ. ಮರಿಯು ಹಾಡನ್ನು ಹಿರಿಯ ಹಕ್ಕಿಯಿಂದ ಕೇಳಿಯೇ ಕಲಿಯಬೇಕು. ಅದಕ್ಕೆಂದು ಮರಿಯ ಪಂಜರಕ್ಕೆ ಗವುಸು ಹಾಕಿ ಹಾಡುಗಾರ ಹಕ್ಕಿಯ ಪಕ್ಕ ಕಟ್ಟುತ್ತಿದ್ದರು. ಬೇರೆ ಸದ್ದು ಕಿವಿಗೆ ಬಿದ್ದರೆ ಹಾಡು ಕೆಡುತ್ತದೆಂಬ ಭಯ. ಒಗ್ಗರಣೆ ಚಟಗುಟ್ಟಿದರೂ ಮಾವ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನೇ ಗದರಿಸುತ್ತಿದ್ದರು.

ನಮ್ಮ ಮನೆಯ ಹಿರಿಯ ಹಕ್ಕಿಯ ಹಾಡು ಮಾವನಿಗೆ ಕಸುಬು ಕಲಿಸಿದ ಗುರುಗಳ ಮನೆಯಿಂದ ಬಂದದ್ದು. ಗುರುಗಳು ತೀರಿಕೊಂಡಿದ್ದರು; ಆ ಹಾಡು ಉಳಿದದ್ದು ಈ ಒಂದು ಗಂಟಲಲ್ಲಿ ಮಾತ್ರ. ಒಂದು ಬೆಳಿಗ್ಗೆ ನೋಡಿದರೆ ಆ ಹಕ್ಕಿ ಪಂಜರದ ತಳದಲ್ಲಿ ಮಲಗಿತ್ತು. ನೀಲಿ ಗವುಸಿನೊಳಗಿನ ಮರಿಗೆ ಇನ್ನೂ ಒಂದು ಸೊಲ್ಲೂ ಬಂದಿರಲಿಲ್ಲ.

ಮಾವ ಅಂದು ಅಂಗಡಿಗೆ ಹೋಗಲಿಲ್ಲ. "ಗುರುಗಳ ಹಾಡು ನನ್ನ ಮನೇಲಿ ಬಂದು ಮುಗೀತಲ್ಲೇ, ತುಂಗಾ," ಎಂದರು. ತಾವೇ ಸಿಳ್ಳೆ ಹಾಕಿ ಕಲಿಸೋಣವೆಂದರೆ ಮುಂದಿನ ಹಲ್ಲುಗಳು ಎಂದೋ ಬಿದ್ದುಹೋಗಿದ್ದವು. ಬಾಯಿಂದ ಬರೀ ಗಾಳಿ ಬಂತು. ನನಗೆ ನಗು ಬರಬೇಕಿತ್ತು, ಅಳು ಬಂತು.

ಆಮೇಲೆ ಮನೆಯಲ್ಲಿ ಅಡುಗೆ ತಳಹಿಡಿಯತೊಡಗಿತು. ಹಾಲು ಉಕ್ಕುವುದು, ಸಾರು ಸೀಯುವುದು. ಅತ್ತೆಗೆ ವಯಸ್ಸಾಯಿತು ಅಂದುಕೊಂಡು ನಾನೂ ಮಾವನೂ ಸುಮ್ಮನೆ ಉಂಡೆವು.

ಚಳಿ ಕಳೆದು ಮಾವಿನ ಮರಗಳು ಹೂ ಬಿಟ್ಟಾಗ, ಒಂದು ದಿನ ಮಾವನ ಹಕ್ಕಿಗೆಳೆಯ ಅಜೀಜ್ ಸಾಬರು ಕಾಫಿಗೆ ಬಂದಿದ್ದರು. ಗವುಸಿನೊಳಗಿಂದ ಮರಿ ಹಾಡಲು ಶುರುಮಾಡಿತು. ಅದೇ ಹಾಡು! ಮಾವನ ಲೋಟ ತುಟಿಯ ಬಳಿಯೇ ನಿಂತುಬಿಟ್ಟಿತು. ಒಂದು ತಿರುವು, ಎರಡು, ಮೂರನೆಯದರ ಅರ್ಧದಲ್ಲಿ ಹಕ್ಕಿ ತಟಕ್ಕನೆ ನಿಂತು, "ಚ್ಚ್ ಚ್ಚ್" ಎಂದು ಲೊಚಗುಟ್ಟಿ, ಆ ತಿರುವನ್ನು ಮೊದಲಿಂದ ಎತ್ತಿಕೊಂಡು ಕೊನೆಮುಟ್ಟಿಸಿತು.

ರಂಗೋಲಿಯ ಎಳೆ ತಪ್ಪಿದಾಗಲೆಲ್ಲ ಅತ್ತೆಯ ಬಾಯಿಂದ ಕೇಳುತ್ತಿದ್ದ ಲೊಚಗುಟ್ಟುವ ಸದ್ದು ಅದು. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು.

"ಹಾಡೇನೋ ಅದೇ, ಆದ್ರೆ ಕಳಂಕ ಬಿದ್ದಿದೆ. ಪಂದ್ಯಕ್ಕೆ ಬರಲ್ಲ, ಶೇಷಣ್ಣ," ಎಂದರು ಸಾಬರು.

ಮಾವ ಲೋಟ ಕೆಳಗಿಟ್ಟು ಅಡುಗೆಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಅತ್ತೆ ಒಲೆಯ ಕಡೆ ಮುಖಮಾಡಿ ನಿಂತಿದ್ದರು.

"ನೀನಾ?"

"ಹೆಂಗಸರು ಸಿಳ್ಳೆ ಹಾಕಬಾರದು ಅಂತ ಗೊತ್ತು, ಬೈಬೇಡಿ," ಎಂದರು ಅತ್ತೆ, ತಿರುಗದೆಯೇ. "ಇಷ್ಟು ವರ್ಷ ಅದನ್ನೇ ಕೇಳಿಕೊಂಡು ರೊಟ್ಟಿ ತಟ್ಟಿದೀನಿ. ನೀವು ಅಂಗಡಿಗೆ, ಇವಳು ಓದೋಕೆ ಹೋದಮೇಲೆ ಒಲೆ ಮರೆತು ಹೇಳಿಕೊಡ್ತಿದ್ದೆ. ಆ ಮೂರನೇ ತಿರುವೊಂದು ಸಿಗ್ತಾನೇ ಇರಲಿಲ್ಲ, ಹಾಳಾದ್ದು. ನೀವು ಹಾಗೆ ಕೂತಿರೋದನ್ನ ನನ್ನ ಕೈಲಿ ನೋಡೋಕೆ ಆಗಲಿಲ್ಲ."

ಮಾವನ ಕಣ್ಣು ತುಂಬಿತ್ತು. "ಎಲ್ಲಿ, ಒಂದ್ಸಲ ಹಾಕು, ಕೇಳ್ತೀನಿ."

"ಅಯ್ಯೋ, ಹೊರಗೆ ಸಾಬರು ಕೂತಿದ್ದಾರೆ!"

ಅಂದೇ ಮಾವ ಗವುಸು ತೆಗೆದು ಪಂಜರವನ್ನು ಅಡುಗೆಮನೆಯ ಕಿಟಕಿಗೆ ಕಟ್ಟಿದರು. ಹಕ್ಕಿ ಪಂದ್ಯಕ್ಕೆ ಹೋಗಲಿಲ್ಲ. ಆದರೆ ಕಳಂಕ ಎಂದ ಸಾಬರೇ ಮರುವರ್ಷ ತಮ್ಮ ಮರಿಯನ್ನು ತಂದು ಅದರ ಪಕ್ಕ ತೂಗುಹಾಕಿದರು. ಅವರನ್ನು ನೋಡಿ ಉಳಿದವರೂ ತಂದರು.

ಅತ್ತೆ, ಮಾವ ಇಬ್ಬರೂ ಈಗಿಲ್ಲ. ಈಚೆಗೆ ಆ ಊರಿಗೆ ಹೋದಾಗ, ಗುರುತಿಲ್ಲದ ಯಾವುದೋ ಅಂಗಡಿಯ ಮುಂದೆ ಗವುಸು ಹಾಕಿದ ಪಂಜರವೊಂದು ತೂಗುತ್ತಿತ್ತು. ಒಳಗೆ ಹಕ್ಕಿ ಹಾಡುತ್ತಿತ್ತು. ನಾನು ಬಿಸಿಲಲ್ಲೇ ನಿಂತು ಮೂರನೇ ತಿರುವಿಗಾಗಿ ಕಾದೆ. ಹಾಡು ನಿಂತಿತು. ಗವುಸಿನ ಹಿಂದಿನಿಂದ ಅತ್ತೆ "ಚ್ಚ್ ಚ್ಚ್" ಎಂದು, ಮತ್ತೆ ಮೊದಲಿಂದ ಎತ್ತಿಕೊಂಡರು.