ಕೆಂಚಮ್ಮನ ಕಿವಿ

ಅಟ್ಟದ ಮೇಲೆ ಅತ್ತೆ ಸೊಸೆ ಎದುರುಬದುರು ಕೂತು ಕಾಯಿ ಅಲ್ಲಾಡಿಸುತ್ತಿದ್ದರು. ಹೋದ ವರ್ಷ ಅಟ್ಟಕ್ಕೆ ಏರಿಸಿದ್ದ ತೆಂಗಿನಕಾಯಿ. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಟಲೊಟ ಎಂದು ಉಂಡೆ ಹೊರಳುವ ಸದ್ದು ಬರುತ್ತದೆ, ಅಂಥದ್ದು ಕೆಳಕ್ಕೆ. ಕುಲುಕುಲು ಎಂದರೆ ಇನ್ನೂ ನೀರಿದೆ. ಅಂಥದ್ದು ಹಿಂದಕ್ಕೆ, ಇನ್ನಷ್ಟು ದಿನ ಅಟ್ಟದ ಮೇಲೇ ಇರಲಿ.

ಈ ಕೆಲಸ ಮಾಡುವಾಗ ಆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅದು ಕೆಂಚಮ್ಮ ಮಾಡಿದ ಕಟ್ಟಳೆ. ಮದುವೆಯಾಗಿ ಬಂದ ಹೊಸದರಲ್ಲಿ ಮೋನಿಕಾಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ನಾಲ್ಕು ಜನ ಇದ್ದ ಕಡೆ ಬಾಯಿ ತೆರೆಯಲು ಹೆದರುವವಳು. ಮಾತೇ ಆಡಬಾರದ ಜಾಗವೊಂದು ಅತ್ತೆಮನೆಯಲ್ಲಿ ಸಿಕ್ಕಿದ್ದು ಅವಳ ಪುಣ್ಯ.

ಆ ದಿನ ಮಾತ್ರ ಅವಳಿಗೆ ಸುಮ್ಮನಿರುವುದು ಕಷ್ಟವಾಯಿತು. ಅತ್ತೆಯ ಕಡೆಯಿಂದ ಒಂದು ಕಾಯಿಯೂ ಹಿಂದಕ್ಕೆ ಹೋಗಿರಲಿಲ್ಲ. ಕೆಂಚಮ್ಮ ಕಾಯಿ ಎತ್ತುತ್ತಿದ್ದಳು, ಅಲ್ಲಾಡಿಸುತ್ತಿದ್ದಳು, ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡುತ್ತ ಕೆಳಕ್ಕೆ ಬಿಡುತ್ತಿದ್ದಳು. ಒಂದು ಕಾಯಿ ಅಲ್ಲಾಡಿಸಿದಾಗ ಮೋನಿಕಾ ಕೂತಲ್ಲಿಗೇ ಕುಲುಕುಲು ಕೇಳಿಸಿತು. ತಲೆಯೆತ್ತಿ ನೋಡಿದಳು. ಕೆಂಚಮ್ಮನ ಕೈಯೂ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಕೆಳಕ್ಕೆ ಬಿಟ್ಟಳು.

ಮೋನಿಕಾ ತನ್ನ ಕೈಯ ಕಾಯಿಯನ್ನು ಕಿವಿಗೆ ಹಿಡಿದಳು.

ಕೆಳಗೆ ಅಂಗಳದಲ್ಲಿ ಮಾವ ರೇವಣ್ಣ, ನೆಟ್ಟ ಕಬ್ಬಿಣದ ಕಂಬಿಗೆ ಕಾಯಿ ಚುಚ್ಚಿ ಮಟ್ಟೆ ಸುಲಿಯುತ್ತಿದ್ದ. ಕೂಲಿಗೆ ಬಂದಿದ್ದ ಪುಟ್ಟಗಂಗಮ್ಮ ಮಚ್ಚಿನ ಬೆನ್ನಿನಿಂದ ಸುತ್ತ ತಟ್ಟಿ ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು ಮಚ್ಚು ಕೆಳಗಿಟ್ಟಳು.

"ರೇವಣ್ಣೋ, ಒಸಿ ಬಾ ಇಲ್ಲಿ. ನೀನು ನನ್ನನ್ನ ಕೊಬ್ಬರಿ ತೆಗೆಯಕ್ಕೆ ಕರೆಸಿದ್ಯೋ, ಚಟ್ನಿಗೆ ಕಾಯಿ ಒಡೆಯಕ್ಕೆ ಕರೆಸಿದ್ಯೋ?"

ಅವಳ ಮುಂದಿನ ಮಂಕರಿಯಲ್ಲಿ ಅರ್ಧಕ್ಕರ್ಧ ಹಸಿ ಚೂರು. ಚಿಪ್ಪಿಗೆ ಕಚ್ಚಿಕೊಂಡಿದ್ದ ತಿರುಳು ತುಂಡು ತುಂಡಾಗಿ ಬಂದಿತ್ತು. ನೆಲದ ಮೇಲೆ ನೀರು ಹರಿದು ಇರುವೆ ಸೇರಿದ್ದವು. ಮಾರ್ಕೆಟ್ಟಿನಲ್ಲಿ ಇಂಥ ಚೂರನ್ನು ಯಾರೂ ಮೂಸುವುದಿಲ್ಲ.

"ಲೇ ಕೆಂಚಿ! ಇಳಿಯೇ ಕೆಳಕ್ಕೆ!" ಎಂದು ರೇವಣ್ಣ ಅಟ್ಟದ ಕಡೆ ಕೂಗಿದ.

ಕೆಂಚಮ್ಮ ಏಣಿ ಇಳಿದು ಬಂದು ಮಂಕರಿಯನ್ನು ನೋಡಿದಳು. ಬೇರೆಯವರ ಮನೆಯದೇನನ್ನೋ ನೋಡುವ ಹಾಗೆ.

"ಏನೇ ಇದು? ಸುತ್ತ ಹತ್ತೂರಲ್ಲಿ ಕೆಂಚಮ್ಮ ಹಿಡಿದ್ ಕಾಯಿ ಸುಳ್ಳಾಗಲ್ಲ ಅಂತಿದ್ರು. ಕಿವಿ ಹೋಯ್ತಾ ನಿಂಗೆ?"

"ಇರಬೌದು," ಎಂದಳು ಕೆಂಚಮ್ಮ.

"ನಮ್ಮತ್ತೇಗೂ ಹಿಂಗೇ ಆಗಿತ್ತು ಕಣಪ್ಪ," ಎಂದಳು ಪುಟ್ಟಗಂಗಮ್ಮ. "ಕೆಲಸ ಹೇಳಿದ್ರೆ ಕಿವಿ ಕೇಳ್ತಿರ್ಲಿಲ್ಲ. ಕಾಪಿ ಅಂತ ಪಿಸುಗುಟ್ಟಿದ್ರೆ ಹಿತ್ಲಿಂದ ಓಡ್ಬರೋಳು."

ಬೇರೆ ದಿನವಾಗಿದ್ದರೆ ಕೆಂಚಮ್ಮ ಈ ಮಾತಿಗೆ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಅವತ್ತು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡಳು.

ಅಂದಿನಿಂದ ಮನೆಯಲ್ಲಿ ಎಲ್ಲರೂ ಅವಳ ಹತ್ತಿರ ಕೂಗಿ ಮಾತಾಡಲು ಶುರು ಮಾಡಿದರು. ಮಾಯಸಂದ್ರದಲ್ಲಿ ಲಗೇಜ್ ಆಟೋ ಓಡಿಸುವ ಮಗ ಸುದೀಪ ಬಾಗಿಲಲ್ಲೇ "ಅಮ್ಮಾ, ಊಟಾ ಆಯ್ತಾ!" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗುವವನ ಹಾಗೆ ಕೂಗುತ್ತಿದ್ದ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೂಗುತ್ತಿದ್ದರು. ಕೆಂಚಮ್ಮ ತಲೆಯಾಡಿಸುತ್ತಿದ್ದಳು.

ಕಿವಿ ಹೋಗಿಲ್ಲ ಎಂಬುದು ಮೋನಿಕಾಳಿಗೆ ಗೊತ್ತಿತ್ತು. ಹಾಲು ಉಕ್ಕುವ ಸುಯ್ಯೆಂಬ ಸದ್ದಿಗೆ ಅತ್ತೆ ನಡುಮನೆಯಿಂದಲೇ ತಲೆ ತಿರುಗಿಸಿದ್ದನ್ನು ಅವಳು ನೋಡಿದ್ದಳು. ತಿರುಗಿಸಿದ ತಲೆಯನ್ನು ಹಾಗೇ ಮತ್ತೆ ಗೋಡೆಗೆ ಒರಗಿಸಿದ್ದನ್ನೂ ನೋಡಿದ್ದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇನ್ನೂ ಏನೇನೋ ನೋಡಿದ್ದಳು. ಕೋಳಿ ಕೂಗುವ ಎಷ್ಟೋ ಮೊದಲೇ ಅತ್ತೆ ಎದ್ದು ಹಾಸಿಗೆಯಲ್ಲೇ ಕೂತಿರುತ್ತಾಳೆ. ಮುದ್ದೆಯನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಸವರಿ, ಉಂಡ ಹಾಗೆ ಮಾಡಿ, ನಾಯಿಗೆ ಹಾಕುತ್ತಾಳೆ. ಸಂಪಿಗೆ ಊರಿನ ಶ್ರೀನಿವಾಸ ದೇವರಿಗೆಂದು ಶನಿವಾರದ ಒಪ್ಪೊತ್ತು ತಪ್ಪಿಸದವಳಿಗೆ ಈಗ ವಾರ ಯಾವುದೆಂದೇ ಗೊತ್ತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ತಿಂಗಳಿಂದ ಅವಳು ಯಾರನ್ನೂ ಬೈದಿರಲಿಲ್ಲ. ಹೀಗಾಗಲು ಅಂಥದ್ದೇನೂ ನಡೆದಿರಲಿಲ್ಲ. ಮನೆಯಲ್ಲಿ ಸತ್ತವರಿಲ್ಲ, ಜಗಳವಿಲ್ಲ. ಅದೇ ಮೋನಿಕಾಳಿಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಗಂಡನಿಗೆ ಹೇಳಿ ನೋಡಿದಳು. "ನಿಮ್ಮಮ್ಮಂಗೆ ಕಿವಿ ಚೆನ್ನಾಗೈತೆ ಕಣ್ರೀ. ಬ್ಯಾರೆ ಏನೋ ಆಗೈತೆ."

"ಏನಾಗೈತೆ ಹೇಳು ಮತ್ತೆ."

ಹಾಲು ಉಕ್ಕಿದ್ದನ್ನು ಅವಳು ಹೇಳಹೊರಟಳು. ಸುದೀಪ, "ಡಾಕ್ಟ್ರು ಹೇಳ್ತಾರೆ ಬುಡು," ಎಂದು ಹೊರಟುಹೋದ.

ತಿಪಟೂರಿನ ಕಿವಿ ಡಾಕ್ಟರ ಹತ್ತಿರ ಹೋದದ್ದು ಮೂವರು: ರೇವಣ್ಣ, ಕೆಂಚಮ್ಮ, ಜೊತೆಗೆ ಕೈಚೀಲ ಹಿಡಿದ ಮೋನಿಕಾ. ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, "ಸದ್ದು ಕೇಳಿದಾಗೆಲ್ಲ ಬೆರಳು ಎತ್ತಮ್ಮ," ಎಂದರು. ಹೊರಗಿನಿಂದ ನೋಡುತ್ತಿದ್ದವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕೆಂಚಮ್ಮನ ತೋರುಬೆರಳು ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು, ಏಳುತ್ತಿತ್ತು.

"ಯಜಮಾನ್ರೇ, ನಿಮ್ಮ ಕಿವಿಗಿಂತ ಚೆನ್ನಾಗಿದೆ ಇವರ ಕಿವಿ," ಎಂದರು ಡಾಕ್ಟರು.

ರೇವಣ್ಣನಿಗೆ ಸಮಾಧಾನವಾಗುವ ಬದಲು ಮುಖ ಇಳಿಯಿತು. "ಮಿಷನ್ ಏನೂ ಬ್ಯಾಡ್ವಾ ಸಾ? ಮತ್ಯಾಕೆ ಹಸಿ ಕಾಯಿ ಎಲ್ಲ ಕೆಳಕ್ಕೆ ಎಸೆದ್ಲು?"

ಡಾಕ್ಟರು ಕೆಂಚಮ್ಮನ ಮುಖವನ್ನೇ ನೋಡುತ್ತ, "ನಿದ್ದೆ ಬರುತ್ತೇನಮ್ಮ?" ಎಂದರು.

"ಬತ್ತದೆ," ಎಂದಳು ಕೆಂಚಮ್ಮ.

"ಊಟ ಸೇರುತ್ತಾ?"

"ಸೇರ್ತದೆ."

"ಇಲ್ಲ ಸಾ," ಎಂದಿತು ಒಂದು ದನಿ. ಅದು ತನ್ನದೇ ಎಂದು ಗೊತ್ತಾಗುವಷ್ಟರಲ್ಲಿ ಮೋನಿಕಾಳ ಕಿವಿ ಕಾದು ಹೋಗಿತ್ತು. ಮಾವನ ಎದುರು ಅವಳು ಇಷ್ಟು ವರ್ಷದಲ್ಲಿ ನೆಟ್ಟಗೆ ನಾಲ್ಕು ಮಾತು ಆಡಿದವಳಲ್ಲ. ಕೈಚೀಲದ ಹಿಡಿಯನ್ನು ತಿರುಚುತ್ತ, ಮೇಜಿನ ಕಾಲನ್ನು ನೋಡುತ್ತ, ಬೆಳಗಿನ ಜಾವದ್ದು, ಮುದ್ದೆಯದ್ದು, ಹಾಲಿನದ್ದು ಎಲ್ಲ ಹೇಳಿದಳು. "ಬೈಯದೂ ಇಲ್ಲ ಸಾ ಈಗ," ಎಂದು ಮುಗಿಸಿದಳು.

ಮಂಗಳವಾರ ತುರುವೇಕೆರೆಯ ಸರ್ಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ತೋರಿಸಿ, ಎಂದರು ಡಾಕ್ಟರು. "ಹೆದರೋಂಥದ್ದಲ್ಲ. ವಾಸಿ ಆಗೋ ಕಾಯಿಲೆ."

ರೇವಣ್ಣ ಬಸ್‌ಸ್ಟ್ಯಾಂಡಿನವರೆಗೂ ಮುಂದೆ ಮುಂದೆ ನಡೆದ. ಬಸ್ಸಿಗೆ ಕಾಯುವಾಗ ಟವೆಲಿನಿಂದ ಮುಖ ಒರೆಸಿಕೊಂಡು, "ಯಾವ ಮಂಗಳವಾರವೂ ಬ್ಯಾಡ," ಎಂದ. "ಒಂದ್ ದಪ ಆ ಬಾಗ್ಲಿಗೆ ಹೋದ್ರೆ ಮುಗೀತು. ಕೆಂಚಿಗೆ ತಲೆ ಕೆಟ್ಟೈತೆ ಅಂತ ಊರೆಲ್ಲ ಆಯ್ತದೆ. ಟಾನಿಕ್ ಕುಡಿಸಾನ. ನಿಮ್ಮತ್ತೆ ಗಟ್ಟಿ ಹೆಂಗ್ಸು ಕಣವ್ವ, ಸರಿಯಾಯ್ತಾಳೆ." ದನಿ ಗದರುವ ಹಾಗಿದ್ದರೂ, ಬಸ್ಸು ಬಂದಾಗ ಹೆಂಡತಿಯ ಮೊಣಕೈ ಹಿಡಿದು ತಾನೇ ಹತ್ತಿಸಿದ.

ಬಸ್ಸಿನಲ್ಲಿ ಅವನು ಮುಂದೆ ಕೂತ. ಹೆಂಗಸರಿಬ್ಬರಿಗೆ ಹಿಂದಿನ ಸೀಟು ಸಿಕ್ಕಿತು. ಕಿಟಕಿಯ ಆಚೆ ತೆಂಗಿನ ಸಾಲು ಹಿಂದಕ್ಕೆ ಓಡುತ್ತಿತ್ತು. ಎಷ್ಟೋ ದೂರ ಬಂದ ಮೇಲೆ ಕೆಂಚಮ್ಮ ಹೊರಗೆ ನೋಡುತ್ತಲೇ ಮಾತಾಡಿದಳು.

"ನಂಗೆ ಕೇಳಿಸ್ತಿತ್ತು ಕಣೇ."

ಮೋನಿಕಾ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಹತ್ತಿರ ಸರಿದಳು.

"ಅಲ್ಲಾಡಿಸ್ತೀನಿ. ಕುಲುಕುಲು ಅಂತದೆ. ನೀರೈತೆ ಅಂತ ಗೊತ್ತಾಯ್ತದೆ. ಹಿಂದಕ್ಕೆ ಇಡಬೇಕು ಅಂತ್ಲೂ ಗೊತ್ತಾಯ್ತದೆ. ಆಮ್ಯಾಕೆ, ಎತ್ಲಾಗೆ ಇಟ್ರೇನು ಅನ್ನಿಸ್ಬುಡ್ತದೆ. ಕೈ ಬುಟ್ಬುಡ್ತದೆ." ಕಿಟಕಿಯ ಸರಳಿಗೆ ತಲೆ ಆನಿಸಿದಳು. "ಕಿವಿ ಹೋಗೈತೆ ಅಂದ್ರಲ್ಲ, ಹಂಗಾರ ಇದ್ದಿದ್ರೆ ಚೆನ್ನಾಗಿತ್ತು. ಇದನ್ನ ಏನಂತ ಹೇಳದು?"

"ಡಾಕ್ಟ್ರಿಗೆ ಇಷ್ಟೇ ಹೇಳಿ ಅತ್ತೆ. ನಂಗೆ ಹೇಳಿದ್ರಲ್ಲ, ಹಿಂಗೇ."

"ನಿಮ್ಮಾವ ಬ್ಯಾಡ ಅಂತವ್ರೆ."

"ನಾನು ಕೇಳ್ತೀನಿ," ಎಂದಳು ಮೋನಿಕಾ.

ಕೇಳುವುದಕ್ಕೆ ಅವಳಿಗೆ ಮೂರು ದಿನ ಬೇಕಾಯಿತು. ಸೋಮವಾರ ಸಂಜೆ ಮಾವನಿಗೆ ಕಾಫಿ ಕೊಟ್ಟು ಲೋಟ ಖಾಲಿಯಾಗುವವರೆಗೆ ಅಲ್ಲೇ ನಿಂತಳು. ಖಾಲಿಯಾದ ಮೇಲೂ ನಿಂತಿದ್ದಳು.

"ಏನವ್ವ?"

"ನಾಳೆ ಮಂಗಳವಾರ, ಮಾವ."

ರೇವಣ್ಣ ಲೋಟದೊಳಗೆ ನೋಡಿದ. ನಡುಮನೆಯ ಕತ್ತಲಲ್ಲಿ ದೀಪ ಹಾಕದೆ ಕೂತಿದ್ದ ಹೆಂಡತಿಯ ಕಡೆ ನೋಡಿದ. "ಯಾರಾರ ಕೇಳಿದ್ರೆ ಕಿವಿಗೆ ಅನ್ನು," ಎಂದ.

ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆಯ ಮುಂದಿನ ಬೆಂಚಿನ ಮೇಲೆ ಮೊದಲೇ ಕೂತಿದ್ದವನು ಪಕ್ಕದೂರಿನ ಹಾಲಿನ ಡೈರಿಯ ಬೆಟ್ಟಸ್ವಾಮಿ. ಅತ್ತೆ ಸೊಸೆಯನ್ನು ಕಂಡದ್ದೇ ಎದ್ದು ಹೋಗುವವನ ಹಾಗೆ ಅಲುಗಾಡಿ, ಮತ್ತೆ ಕೂತ.

"ಏನ್ ಕೆಂಚಕ್ಕ, ಇತ್ಲಾಗೆ?"

"ಕಿವಿಗೆ," ಎಂದಳು ಕೆಂಚಮ್ಮ. "ನೀನು?"

"ಬೀಪಿಗೆ."

ಇಬ್ಬರೂ ಬಾಗಿಲ ಮೇಲಿನ ಬೋರ್ಡನ್ನು ನೋಡಿದರು. ಇಬ್ಬರೂ ನೆಲ ನೋಡಿದರು. ಬೆಟ್ಟಸ್ವಾಮಿ ಸ್ವಲ್ಪ ಸರಿದು ಅವಳಿಗೆ ಜಾಗ ಬಿಟ್ಟ. "ಒಳ್ಳೆ ಡಾಕ್ಟ್ರಮ್ಮ ಕಣಕ್ಕ, ಬೀಪಿಗೆ," ಎಂದ ಸಣ್ಣ ದನಿಯಲ್ಲಿ. "ನಂಗೀಗ ನಿದ್ದೆ ಬತ್ತದೆ."

ಡಾಕ್ಟರಮ್ಮ ಮೋನಿಕಾಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಅವಸರ ಮಾಡಲಿಲ್ಲ. ಕೆಂಚಮ್ಮ ಕಾಯಿಯ ಮಾತನ್ನು ಹೇಳಿದಳು. ಬಸ್ಸಿನಲ್ಲಿ ಹೇಳಿದ ಹಾಗೇ, ಒಂದೆರಡು ಸಲ ತಡವರಿಸಿ.

"ಸಾಯಬೇಕು ಅಂತ ಅನ್ನಿಸಿದೆಯಾ ಅಮ್ಮ?"

ಇದನ್ನು ಹೀಗೆ ಮುಖದ ಮೇಲೆ ಕೇಳಬಹುದೆಂದು ಮೋನಿಕಾಳಿಗೆ ಗೊತ್ತಿರಲಿಲ್ಲ.

ಕೆಂಚಮ್ಮ ಯೋಚಿಸಿದಳು. "ಸಾಯಬೇಕು ಅಂತಲ್ಲ ಕಣವ್ವ. ಏಳದು ಬ್ಯಾಡ ಅನ್ನಿಸ್ತದೆ, ಬೆಳಿಗ್ಗೆ."

"ಸಾಯಬೇಕು ಅಂತ ಅನ್ನಿಸಿದ್ರೆ ಆಗ ಮುಚ್ಚಿಡಬೇಡಿ. ಸೊಸೆಗೆ ಹೇಳಿ, ತಕ್ಷಣ ಬನ್ನಿ, ಮಂಗಳವಾರ ಅಂತ ಕಾಯೋದು ಬೇಡ," ಎಂದಳು ಡಾಕ್ಟರಮ್ಮ. ಇದು ಸೋಮಾರಿತನವಲ್ಲ, ಯಾರ ಕಣ್ಣೂ ತಾಗಿದ್ದಲ್ಲ, ಖಿನ್ನತೆ ಅಂತ ಕಾಯಿಲೆ. ಕಾರಣ ಇದ್ದೂ ಬರುತ್ತದೆ, ಇಲ್ಲದೆಯೂ ಬರುತ್ತದೆ. ಮಾತ್ರೆ ನಾಟುವುದಕ್ಕೆ ಮೂರು ನಾಲ್ಕು ವಾರ ಬೇಕು. ನಾಟಲಿಲ್ಲ ಅಂತಲೂ ಬಿಡಬಾರದು, ಹುಷಾರಾಯಿತು ಅಂತಲೂ ನೀವೇ ಬಿಡಬಾರದು. ದಿನಾ ಒಂದಿಷ್ಟು ನಡೆಯಿರಿ. "ಕೆಲಸ ಮಾಡು ಅಂತ ಬಲವಂತ ಬೇಡ. ಒಬ್ಬರೇ ಬಿದ್ದಿರೋಕೂ ಬಿಡಬೇಡಿ," ಎಂದಳು ಮೋನಿಕಾಳ ಕಡೆ ತಿರುಗಿ.

ಹದಿನೈದು ದಿನ ಏನೂ ಆಗಲಿಲ್ಲ. ಬಾಯಿ ಒಣಗುತ್ತದೆ, ತಲೆ ಭಾರ ಎಂದಳು ಕೆಂಚಮ್ಮ. ಮಾತ್ರೆಯನ್ನು ಮೋನಿಕಾ ರಾತ್ರಿ ಊಟದ ಜೊತೆಗೇ ತಟ್ಟೆಯ ಪಕ್ಕ ಇಡುತ್ತಿದ್ದಳು. ರೇವಣ್ಣ ಅತ್ತ ನೋಡದ ಹಾಗೆ ಮಾಡಿ, ಹೆಂಡತಿ ಅದನ್ನು ನುಂಗುವವರೆಗೆ ಏಳುತ್ತಿರಲಿಲ್ಲ. ಸಂಜೆ ಅತ್ತೆ ಸೊಸೆ ತೋಟದ ಬದುವಿನ ಮೇಲೆ ಕೊನೆಯ ಮರದವರೆಗೆ ನಡೆದು ಬರುತ್ತಿದ್ದರು. ಕೆಲವು ದಿನ ಅರ್ಧಕ್ಕೇ ತಿರುಗುತ್ತಿದ್ದರು. ಒಂದು ದಿನ ಕೆಂಚಮ್ಮ ಹಾಸಿಗೆಯಿಂದ ಏಳಲೇ ಇಲ್ಲ. ಇನ್ನೊಂದು ದಿನ ಎದ್ದು ತಾನೇ ತಲೆಗೆ ನೀರು ಹಾಕಿಕೊಂಡಳು. ಹೀಗೇ ಹಿಂದೆ ಮುಂದೆ.

ಕಿವಿಗೆಂದು ಹೇಳಿದ್ದರಿಂದ ಊರಿನವರ ಕೂಗಾಟ ಮಾತ್ರ ನಿಲ್ಲಲಿಲ್ಲ. "ಕೆಂಚಕ್ಕೋ, ಮಾತ್ರೆ ಹಿಡೀತಾ!" ಎಂದು ದಾರಿಯಲ್ಲಿ ಹೋಗುವವರೆಲ್ಲ ಕೂಗುತ್ತಿದ್ದರು. ನಿಜ ಗೊತ್ತಿದ್ದ ರೇವಣ್ಣನೂ ಅಭ್ಯಾಸಬಲದಿಂದ ಕೂಗಿಯೇ ಮಾತಾಡುತ್ತಿದ್ದ.

ಎರಡನೇ ಸಲ ಮಾತ್ರೆ ತಂದ ಮೇಲೆ, ಒಂದು ಬೆಳಿಗ್ಗೆ ಮೋನಿಕಾ ಒಬ್ಬಳೇ ಅಟ್ಟದಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಿದ್ದಳು. ಕೆಳಗೆ ರೇವಣ್ಣ ಮಟ್ಟೆ ಸುಲಿಯುತ್ತಿದ್ದ, ಪುಟ್ಟಗಂಗಮ್ಮ ಚಿಪ್ಪು ತಟ್ಟುತ್ತಿದ್ದಳು. ಏಣಿ ಕಿರುಗುಟ್ಟಿತು. ಕೆಂಚಮ್ಮನ ತಲೆ ಕಾಣಿಸಿತು, ಭುಜ ಕಾಣಿಸಿತು. ಮೇಲೆ ಬಂದು ಏದುಸಿರು ಬಿಡುತ್ತ ತನ್ನ ಜಾಗದಲ್ಲಿ ಕೂತಳು. ಹಸಿ ಕಾಯಿ ಕೆಳಕ್ಕೆ ಬಿಟ್ಟ ಆ ದಿನದಿಂದೀಚೆಗೆ ಅವಳು ಅಟ್ಟ ಹತ್ತಿರಲಿಲ್ಲ.

ಮೋನಿಕಾ ನೋಡಲಿಲ್ಲ. ನೋಡಿದರೆ ಇಳಿದುಹೋಗುತ್ತಾಳೇನೋ ಎಂದು ತನ್ನ ಕೈಯ ಕಾಯಿಯನ್ನೇ ಅಲ್ಲಾಡಿಸುತ್ತ ಕೂತಳು.

"ಏನ್ ಕೆಂಚಕ್ಕೋ!" ಎಂದು ಕೆಳಗಿನಿಂದ ಪುಟ್ಟಗಂಗಮ್ಮ ಕೂಗಿದಳು. "ಮ್ಯಾಲ್ ಹತ್ಬುಟ್ರಾ! ಇವತ್ತೂ ಚಟ್ನಿಗೆ ಹಾಕ್ಕೊಡ್ತೀರೇನು!"

"ಲೇ ಕೆಂಚೀ!" ರೇವಣ್ಣನ ದನಿ ಅವಳದಕ್ಕಿಂತ ದೊಡ್ಡದಾಗಿತ್ತು. "ಇಳಿಯುವಾಗ ಕರಿಯೇ! ಏಣಿ ಹಿಡ್ಕೊತೀನಿ!"

ಕೆಂಚಮ್ಮ ಒಂದು ಕಾಯಿ ಎತ್ತಿಕೊಂಡಳು. ಅಂಗೈಯಿಂದ ದೂಳು ಒರೆಸಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಹುಬ್ಬು ಗಂಟಾಯಿತು. ಇನ್ನೊಂದು ಸಲ ಅಲ್ಲಾಡಿಸಿದಳು. ಕೆಳಕ್ಕೂ ಬಿಡದೆ, ಹಿಂದಕ್ಕೂ ಇಡದೆ, ಕಾಯಿಯನ್ನು ಕಿವಿಯ ಹತ್ತಿರವೇ ಹಿಡಿದುಕೊಂಡು ಅಟ್ಟದ ಅಂಚಿನಿಂದ ಕೆಳಗೆ ಬಗ್ಗಿದಳು.

"ಒಸಿ ಸುಮ್ಕಿರಿ," ಎಂದಳು.

ಮಚ್ಚಿನ ಸದ್ದು ನಿಂತಿತು. ಕೆಂಚಮ್ಮ ಕಾಯಿಯನ್ನು ಮತ್ತೆ ಅಲ್ಲಾಡಿಸಿದಳು.