ನಂಬರ್ ಪ್ಲೇಟಿನ ಹಿಂದಿನ ಕೆಂಪು

ತಪ್ಪು ಮಾದರಿ ಕೊಟ್ಟೆನೇನೋ. ಅಮೃತಾ ಈ ಒಂದು ಸಾಲನ್ನು ಡೈರಿಯಲ್ಲಿ ಮೂರು ಸಲ ಬರೆದು ಮೂರೂ ಸಲ ಹೊಡೆದುಹಾಕಿದ್ದಳು. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಡಿಗ್ರಿ ಮುಗಿಸಿದ್ದರೂ ಅಣ್ಣನ ಎದುರು ನಿಂತರೆ ಅವಳ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಅಜ್ಜ ಕೊಂಡಿದ್ದ ಹಳೆಯ ಟ್ರ್ಯಾಕ್ಟರನ್ನು ಫ್ಯಾಕ್ಟರಿ ಬಿಟ್ಟ ದಿನ ಹೇಗಿತ್ತೋ ಹಾಗೇ ಮಾಡಿಸಬೇಕೆಂದು ಅಣ್ಣ ಪ್ರಭುರಾಜನ ಹಟ. ಮೇಲೆ ಯಾರ್ಯಾರೋ ಬಳಿದಿದ್ದ ನಾಲ್ಕು ಪದರ ಬಣ್ಣವನ್ನು ಉಪ್ಪುಕಾಗದ ಹಿಡಿದು ತಿಂಗಳಿಡೀ ತಿಕ್ಕಿದವಳು ಮಾತ್ರ ಅಮೃತಾ. ಅಡಿಯ ಕಂಪನಿ ಬಣ್ಣ ಬಿಸಿಲಿಗೆ ಸತ್ತುಹೋಗಿತ್ತು. ಯಲಬುರ್ಗಾದ ಪೇಂಟರ್ ಮರ್ದಾನಸಾಬರು ಅವಳಿಗೆ ಹೇಳಿದ್ದರು: ಅದೇ ಬಣ್ಣ ಕಲಸಬೇಕೆಂದರೆ ಬಿಸಿಲೂ ಎಣ್ಣೆಯೂ ಮುಟ್ಟದ ಜಾಗ ಬೇಕು, ಮುಂದಿನ ನಂಬರ್ ಪ್ಲೇಟ್ ಬಿಚ್ಚಿ ನೋಡು.

ಪ್ಲೇಟಿನ ಸ್ಕ್ರೂಗಳು ತುಕ್ಕು ತಿಂದು ಕೂತಿದ್ದವು. ಅಣ್ಣನನ್ನು ಕೇಳಬೇಕಿತ್ತು. ಕೇಳಲಿಲ್ಲ. ಟ್ರ್ಯಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಒಳಬದಿಗೂ ಬಿಸಿಲು ತಾಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, ಅದನ್ನೇ ಚೀಲದಲ್ಲಿ ಹಾಕಿ ತಮ್ಮೂರು ಬೇವೂರಿನಿಂದ ಬಸ್ಸಿನಲ್ಲಿ ಒಯ್ದು ಮರ್ದಾನಸಾಬರಿಗೆ ಕೊಟ್ಟಳು. ಪ್ಲೇಟ್ ಬಿಚ್ಚಿ ನೋಡಿದಿಯಾ ಎಂದು ಅವರು ಕೇಳಿದಾಗ ಹೌದೆಂದು ತಲೆ ಆಡಿಸಿದಳು. ಪೆಟ್ಟಿಗೆಯೊಳಗೆ ಅಷ್ಟು ವರ್ಷ ಗ್ರೀಸು ಕುಡಿದ ಕೆಂಪು ಕಪ್ಪಡರಿರುತ್ತದೆಂದು ಹೊಳೆದದ್ದು ಆಮೇಲೆ. ಮರ್ದಾನಸಾಬರು ಅವಳನ್ನು ನಂಬಿ, ಊರಿಗೆ ಬಂದು, ಬಣ್ಣ ತಾಗದಂತೆ ಪ್ಲೇಟಿಗೆ ಪೇಪರ್ ಅಂಟಿಸಿ ಸ್ಪ್ರೇ ಹೊಡೆದು ಹೋದರು.

ಇಂದು ಮುಂಜಾನೆ ಪ್ರಭುರಾಜ ಹೊಸ ಪ್ಲೇಟ್ ಕೂಡಿಸಲು ಹಳೆಯ ಸ್ಕ್ರೂಗಳನ್ನು ಗ್ರೈಂಡರಿನಿಂದ ಕತ್ತರಿಸಿದ. ಹಳೆಯ ಪ್ಲೇಟಿನ ಹಿಂದೆ ಗೇಣುದ್ದ ಕೆಂಪು, ಹಣ್ಣುಮೆಣಸಿನಕಾಯಿಯ ಹಾಗೆ. ಸುತ್ತಲಿನ ಹೊಸ ಬಣ್ಣ ಸುಟ್ಟ ಇಟ್ಟಂಗಿ.

ಫೋನ್ ಮಾಡಿ ಮರ್ದಾನಸಾಬರನ್ನು ಕರೆಸಿದ. ಅಪ್ಪನ ವಯಸ್ಸಿನವರೆಂದೂ ನೋಡದೆ ಅಂಗಳದಲ್ಲೇ ಏಕವಚನಕ್ಕೆ ಇಳಿದ.

"ಇಟ್ಟಂಗಿ ಬಣ್ಣ ಕಲಸಿ ಕೆಂಪಂತ ಬಳದೀಯಲ್ಲ, ಕಣ್ಣು ಹೋಗ್ಯಾವೇನು ನಿನ್ನವು? ಇನ್ನ ಗಾಡಿ ಮುಟ್ಟಬ್ಯಾಡ. ಗ್ವಾಡಿಗೆ ಸುಣ್ಣಾ ಹೊಡ್ಕೊಂತ ಇರು."

ಕೊಟ್ಟ ಮಾದರಿಗೆ ಬಣ್ಣ ಕೂಡಿದೆ ಎಂದಷ್ಟೇ ಅವರು ಹೇಳಿದರು.

"ಯಾರು ಕೊಟ್ರು ಮಾದರಿ?"

ಮರ್ದಾನಸಾಬರು ಕಟ್ಟೆಯ ಮೇಲೆ ನಿಂತ ಅಮೃತಾಳನ್ನು ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದರು. "ಮನಿಯವರ ಕೊಟ್ಟಾರ್ರಿ."

"ನಮ್ಮ ಮನ್ಯಾಗ ನನ್ನ ಬಿಟ್ಟು ಬಣ್ಣದ ಮಾತು ಯಾರಿಗಿ ಗೊತ್ತೈತೋ?"

ಅಮೃತಾಳ ಬೆರಳ ತುದಿಗಳು ಸವೆದು ಇನ್ನೂ ಚುರುಗುಟ್ಟುತ್ತಿದ್ದವು. ಒಂದು ದಿನ ಉಪ್ಪುಕಾಗದ ಮುಟ್ಟದವನು ಬಣ್ಣದ ಪಂಡಿತ! ತನ್ನ ಹೆಸರು ಎತ್ತದೆ ಬೈಸಿಕೊಂಡು ನಿಂತ ಮರ್ದಾನಸಾಬರ ಮೇಲೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಅಂದು ತಲೆ ಆಡಿಸಿದ ತನ್ನ ಮೇಲೆ.

ಪ್ರಭುರಾಜ ಮೊಬೈಲ್ ತೆಗೆದ. ಕುಷ್ಟಗಿಯಿಂದ ಗಂಗಾವತಿವರೆಗಿನ ಟ್ರ್ಯಾಕ್ಟರ್ ಮಾಲೀಕರೆಲ್ಲ ಇರುವ ವಾಟ್ಸಾಪ್ ಗುಂಪು. ಮೈಕಿನ ಗುರುತು ಒತ್ತಿ ಹಿಡಿದು, ಯಲಬುರ್ಗಾದ ಮರ್ದಾನಸಾಬನಿಗೆ ಬಣ್ಣ ಕಾಣುವುದಿಲ್ಲ, ಯಾರೂ ಗಾಡಿ ಕೊಡಬೇಡಿ ಎಂದು ಶುರುಮಾಡಿದ. ಮೂವತ್ತು ವರ್ಷ ಆ ಕಣ್ಣಿನಿಂದಲೇ ಉಂಡ ಮನುಷ್ಯ ಹೆಗಲ ಟವೆಲ್ ತೆಗೆದು ಕೈ ಒರೆಸಿಕೊಳ್ಳುತ್ತಿದ್ದರು.

ಅಮೃತಾ ಕಟ್ಟೆ ಇಳಿದು ಬಂದು, ಅವನ ಬೆರಳು ಮೈಕಿನ ಗುರುತು ಬಿಡುವ ಮೊದಲೇ ಮೊಬೈಲಿಗೆ ಹತ್ತಿರವೇ ನಿಂತಳು.

"ಕಾಕಾನ ಕಣ್ಣು ಛಲೋ ಅದಾವ, ಅಣ್ಣಾ. ಪ್ಲೇಟ್ ಬಿಚ್ಚಿ ನೋಡೀನಂತ ಸುಳ್ಳು ಹೇಳಿ ತಪ್ಪು ಮಾದರಿ ಕೊಟ್ಟಾಕಿ ನಾನು."